ಎಡಮಗ್ಗುಲಿಗೆ ಮಲಗಮ್ಮ

ಹದಿನಾಲ್ಕು ವರ್ಷ ಹೆರಿಗೆ ವಾರ್ಡಿನಲ್ಲಿ ನರ್ಸ್ ಕೆಲಸ ಮಾಡಿದ್ದೆ. ಬಸುರಿಯ ಮುಖ ನೋಡಿದರೆ ಸಾಕು, ಹೇಗಿದ್ದಾಳೆ ಅಂತ ಗೊತ್ತಾಗುತ್ತದೆ ಎಂದು ನಂಬಿದ್ದೆ. 2021ರ ಮೇ ತಿಂಗಳಲ್ಲಿ ಆ ನಂಬಿಕೆ ಬಿಟ್ಟೆ.

ಆಗ ನಾನು ಹಳೇ ಮೈಸೂರು ಕಡೆಯ ಒಂದು ಸರ್ಕಾರಿ ಆಸ್ಪತ್ರೆಯ ಕೋವಿಡ್ ಹೆರಿಗೆ ವಾರ್ಡಿನಲ್ಲಿದ್ದೆ. ಆ ಹುಡುಗಿಗೆ ಇಪ್ಪತ್ನಾಲ್ಕು ವರ್ಷ. ಚೊಚ್ಚಲು ಬಸುರಿ, 32 ವಾರ. ಸೀಮಂತ ಮುಗಿಸಿ ತವರಿಗೆ ಬಂದಿದ್ದಳು. ಐದು ದಿನದಿಂದ ಜ್ವರ, ಒಣಕೆಮ್ಮು. ಮಂಚದ ಮೇಲೆ ಕೂತು ಅಮ್ಮನಿಗೆ ಫೋನ್ ಮಾಡುತ್ತಿದ್ದಳು: "ಚೆನ್ನಾಗಿದೀನಿ ಕಣಮ್ಮ, ನೀನು ಅಳ್ಬೇಡ." ಬೆರಳಿಗೆ ಆಕ್ಸಿಮೀಟರ್ ಹಾಕಿದೆ. ರಕ್ತದ ಆಮ್ಲಜನಕ, ಅಂದರೆ ಸ್ಯಾಚುರೇಷನ್, 93 ತೋರಿಸಿತು. ಸೀಮಂತಕ್ಕೆ ಹಚ್ಚಿದ ಕೆಂಪು ಉಗುರುಬಣ್ಣ ಇನ್ನೂ ಇತ್ತು. ಬಣ್ಣದಿಂದ ಲೆಕ್ಕ ತಪ್ಪಬಹುದು. ಒಂದು ಉಗುರಿನ ಬಣ್ಣ ಪೂರ್ತಿ ಕೆರೆದು ತೆಗೆದು ಮತ್ತೆ ಹಾಕಿದೆ. 92. ಎದೆ ನೋಡುತ್ತಾ ಒಂದು ನಿಮಿಷ ಉಸಿರು ಎಣಿಸಿದೆ. 28, ಇರಬೇಕಾದ್ದಕ್ಕಿಂತ ಜಾಸ್ತಿ. ಮಾತಾಡುತ್ತಾ, ನಗುತ್ತಾ ಕೂತಿದ್ದ ಹುಡುಗಿ!

ಬಸುರಿಯಲ್ಲಿ ನಾವು 95ಕ್ಕಿಂತ ಕೆಳಗೆ ಇಳಿಯಲು ಬಿಡುತ್ತಿರಲಿಲ್ಲ. ಆಕ್ಸಿಜನ್ ಹಚ್ಚಿ ಡಾಕ್ಟರನ್ನು ಕರೆದೆ. ಆಮೇಲೆ ಹೇಳಿದೆ, "ಎಡಮಗ್ಗುಲಿಗೆ ಮಲಗಮ್ಮ."

ಇದಕ್ಕೆ ಕಾರಣ ಇದೆ. ಬೆಳೆದ ಗರ್ಭಕೋಶ ವಪೆಯನ್ನು, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಪರದೆಯನ್ನು, ಮೇಲಕ್ಕೆ ತಳ್ಳಿರುತ್ತದೆ. ಶ್ವಾಸಕೋಶಕ್ಕೆ ಮೊದಲೇ ಜಾಗ ಕಮ್ಮಿ. ಆದರೆ ಆಮ್ಲಜನಕ ಬೇಕಾಗುವುದು ಸುಮಾರು 20 ಶೇಕಡಾ ಜಾಸ್ತಿ. ಅದರ ಮೇಲೆ ನ್ಯುಮೋನಿಯಾ ಬಂದರೆ ಆಮ್ಲಜನಕ ಇಳಿಯುವುದು ಬೇಗ. ಆಗ ಬೇರೆ ರೋಗಿಗಳನ್ನು ಬೋರಲು ಮಲಗಿಸುತ್ತಿದ್ದರು. ಬಸುರಿಯರಿಗೆ ಅದು ಬೇಡ ಎಂದು ಕೇಂದ್ರ ಆರೋಗ್ಯ ಇಲಾಖೆಯ ಸೂಚನೆಯಲ್ಲೇ ಇತ್ತು. ಎಡಮಗ್ಗುಲಿಗೆ ಮಲಗಿದರೆ ಹೊಟ್ಟೆಯ ಭಾರ ದೊಡ್ಡ ರಕ್ತನಾಳದ ಮೇಲೆ ಬೀಳುವುದಿಲ್ಲ. ಮಗುವಿಗೂ ರಕ್ತ ಸರಿಯಾಗಿ ಹೋಗುತ್ತದೆ. ಬೆನ್ನಿಗೊಂದು, ಕಾಲಿನ ನಡುವೆ ಒಂದು ದಿಂಬು ಕೊಡುತ್ತಿದ್ದೆ. ದಿಂಬು ಸಾಲದೆ ಹೋದಾಗ ಮನೆಯಿಂದ ಬಂದ ಹೊದಿಕೆಗಳನ್ನೇ ಸುತ್ತಿ ಇಡುತ್ತಿದ್ದೆ.

ಎಲ್ಲರೂ ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: "ಸಿಸ್ಟರ್, ಮಗುಗೆ ಏನಾಗುತ್ತೆ?" ತನಗೇನಾಗುತ್ತದೆ ಎಂದು ಒಬ್ಬಳೂ ಕೇಳಿದ್ದು ನೆನಪಿಲ್ಲ. ನಾನು ಹೇಳುತ್ತಿದ್ದೆ: "ನಿನ್ನ ಉಸಿರಲ್ಲೇ ಅದು ಉಸಿರಾಡ್ತಿದೆ. ಮೊದಲು ನಿನ್ನನ್ನ ನೋಡ್ಕೋತೀನಿ." ಸಮಾಧಾನಕ್ಕೆ ಸುಮ್ನೆ ಹೇಳಿದ ಮಾತಲ್ಲ ಅದು. ವೈರಸ್ಸು ಹೊಟ್ಟೆಯೊಳಗಿನ ಮಗುವಿಗೆ ದಾಟುವುದು ಅಪರೂಪ. ತಾಯಿಯ ಉಸಿರು ಕೆಟ್ಟಾಗ, ಬಿಪಿ ಏರಿದಾಗ, ದಿನ ತುಂಬುವ ಮೊದಲೇ ಹೆರಿಗೆ ಮಾಡಿಸಬೇಕಾದಾಗ ಮಗುವಿಗೆ ಪೆಟ್ಟು ಬೀಳುತ್ತಿತ್ತು.

ಅದಕ್ಕೇ ಪಾಸಿಟಿವ್ ಬಂತು ಎಂಬ ಒಂದೇ ಕಾರಣಕ್ಕೆ ಸಿಸೇರಿಯನ್ ಮಾಡುತ್ತಿರಲಿಲ್ಲ. ಮನೆಯವರು "ಮಗುನ ತೆಗೆದುಬಿಡಿ" ಎಂದು ಒತ್ತಾಯ ಮಾಡುತ್ತಿದ್ದರು. ಭಯ ಅಲ್ವಾ, ತಪ್ಪು ಹೇಳಲಾರೆ. ಈ ಹುಡುಗಿಗೆ ಬೇಗ ಹೆರಿಗೆ ಆದರೂ ಇರಲಿ ಎಂದು, ಮಗುವಿನ ಶ್ವಾಸಕೋಶ ಬಲಿಯುವುದಕ್ಕೆ 12 ಗಂಟೆಗೊಂದರಂತೆ ನಾಲ್ಕು ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟೆವು. ಬಸುರಿಯಲ್ಲಿ ರಕ್ತ ಬೇಗ ಹೆಪ್ಪುಗಟ್ಟುತ್ತದೆ, ಕೋವಿಡ್‌ನಲ್ಲಿ ಇನ್ನೂ ಜಾಸ್ತಿ. ಅದಕ್ಕೆ ದಿನಕ್ಕೊಂದು ಹೆಪಾರಿನ್. ಒಂಬತ್ತನೇ ದಿನ ಆಕ್ಸಿಜನ್ ತೆಗೆದೆವು. ಐದು ವಾರ ಕಳೆದು ಹೆಣ್ಣುಮಗು ಹೆತ್ತಳು.

ಎಲ್ಲರೂ ಹಾಗೆ ಮನೆಗೆ ಹೋಗಲಿಲ್ಲ. ಮನೆಯಲ್ಲೇ ಎಂಟು ದಿನ ಕಷಾಯ ಕುಡಿದು ಕಾದಿದ್ದ ಒಬ್ಬಳು ಬಂದಾಗ ಸ್ಯಾಚುರೇಷನ್ 78. ಮಗುವನ್ನು ತೆಗೆದೆವು, ಅದು ಉಳಿಯಿತು. ತಾಯಿ ಐಸಿಯುನಿಂದ ವಾಪಸ್ ಬರಲಿಲ್ಲ. ಗಾಜಿನ ಆಚೆ ನಿಂತಿದ್ದ ಅಜ್ಜಿಗೆ ಆ ಕೂಸನ್ನು ಎತ್ತಿ ತೋರಿಸಿದವಳು ನಾನೇ. ಆ ಜೂನ್‌ನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕೊಟ್ಟ ಲೆಕ್ಕ ಓದಿದೆ. ಅವರ ನೋಂದಣಿಯಲ್ಲಿದ್ದ ಬಸುರಿ-ಬಾಣಂತಿಯರಲ್ಲಿ ಮೊದಲ ಅಲೆಯಲ್ಲಿ ತೀರಿಕೊಂಡವರು 0.7 ಶೇಕಡಾ, ಎರಡನೇ ಅಲೆಯಲ್ಲಿ 5.7. ಇದು ಆಸ್ಪತ್ರೆಗೆ ಬಂದವರ ಲೆಕ್ಕ. ಸೋಂಕು ತಗುಲಿದ ಎಲ್ಲರ ಲೆಕ್ಕ ಅಲ್ಲ. ಆದರೂ ನಾವು ಕಣ್ಣಾರೆ ಕಂಡಿದ್ದು ಅದನ್ನೇ.

ನನ್ನನ್ನು ಹೆಚ್ಚು ಕಾಡಿದ್ದು ವಾಸಿಯಾಗಿ ಹೋದವಳೊಬ್ಬಳ ವಿಷಯ. ಅವಳಿಗೆ ಬರೀ ಎರಡು ದಿನ ಜ್ವರ ಇತ್ತು. ಮೂರು ವಾರ ಬಿಟ್ಟು ಬಂದು, "ನೆನ್ನೆಯಿಂದ ಮಗು ಆಡ್ತಿಲ್ಲ ಅಕ್ಕ" ಎಂದಳು. ಡಾಪ್ಲರ್ ಇಟ್ಟು ಹುಡುಕಿದೆ, ಹುಡುಕಿದೆ. ಎದೆಬಡಿತ ಸಿಗಲಿಲ್ಲ. ಹೆರಿಗೆಯಾದ ಮೇಲೆ ಕಸ, ಅಂದರೆ ಮಾಸು, ಬಂತಲ್ಲ, ಅದು ಎಂದಿನಂತೆ ಮೆತ್ತಗೆ, ಕಡುಗೆಂಪಾಗಿ ಇರಲಿಲ್ಲ. ಬಿಳಿಚಿಕೊಂಡು ಗಟ್ಟಿಯಾಗಿತ್ತು. ಕೆಲವು ತಾಯಂದಿರಲ್ಲಿ ಈ ವೈರಸ್ಸು ಕಸವನ್ನೇ ಹಾಳು ಮಾಡುತ್ತದೆ ಎಂದು ಆಮೇಲೆ ತಿಳಿಯಿತು. ಅದೇ ವರ್ಷದ ನವೆಂಬರಿನಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 12 ಲಕ್ಷಕ್ಕೂ ಹೆಚ್ಚು ಹೆರಿಗೆಗಳ ಲೆಕ್ಕ ಕೊಟ್ಟಿತು. ಹೊಟ್ಟೆಯಲ್ಲೇ ಮಗು ತೀರಿಕೊಂಡಿದ್ದು ಕೋವಿಡ್ ಇಲ್ಲದವರಲ್ಲಿ 0.64 ಶೇಕಡಾ, ಇದ್ದವರಲ್ಲಿ 1.26. ಡೆಲ್ಟಾ ತಳಿ ಹರಡಿದ್ದ ಕಾಲದಲ್ಲಿ ಕೋವಿಡ್ ಇದ್ದವರಲ್ಲಿ 2.70.

ಅವತ್ತಿನಿಂದ ಡಿಸ್ಚಾರ್ಜ್ ಮಾಡುವಾಗ ತಾಯಿ ಕಾರ್ಡಿನ ಹಿಂದೆ ಪೆನ್ನಿನಲ್ಲಿ ಬರೆದು ಕೊಡುತ್ತಿದ್ದೆ: ಊಟ ಆದ ಮೇಲೆ ಎಡಮಗ್ಗುಲಿಗೆ ಮಲಗಿ ಎಣಿಸು. ಎರಡು ಗಂಟೆಯಲ್ಲಿ ಹತ್ತು ಸಲ ಆಡದಿದ್ದರೆ, ರಾತ್ರಿ ಆದರೂ ಸರಿ, ಹೊರಟು ಬಾ. ಓದಲು ಬಾರದವರಿಗೆ ಹತ್ತು ಗೆರೆ ಎಳೆದು ಕೊಡುತ್ತಿದ್ದೆ.

ಒಂದು ವಿಷಯದಲ್ಲಿ ನನಗೆ ಇವತ್ತಿಗೂ ಸಂಕಟ ಇದೆ. 2020ರ ಶುರುವಿನಲ್ಲಿ ಹುಟ್ಟಿದ ತಕ್ಷಣ ಮಗುವನ್ನು ತಾಯಿಯಿಂದ ದೂರ ಇಡುತ್ತಿದ್ದೆವು. ಎದೆ ಕಟ್ಟಿಕೊಂಡು, ಹಾಲು ಹಿಂಡಿ ಚೆಲ್ಲುತ್ತಾ ಅಳುತ್ತಿದ್ದ ಹಸಿ ಬಾಣಂತಿಯರನ್ನು ನೋಡಿದ್ದೇನೆ. ತಾಯಿ ಮಾಸ್ಕ್ ಹಾಕಿಕೊಂಡು, ಕೈ ತೊಳೆದುಕೊಂಡು ಹಾಲು ಕುಡಿಸಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಆಮೇಲೆ ನಾವೂ ಬದಲಾದೆವು. ಪಿಪಿಇ ಒಳಗೆ ಬೆವರು ಸುರಿಸುತ್ತಾ ಮಗುವನ್ನು ಎದೆಗೆ ಹಚ್ಚಿಕೊಡುತ್ತಿದ್ದೆ. ಎರಡು ಪದರದ ಗ್ಲೌಸ್‌ನಲ್ಲಿ ಆ ಪುಟ್ಟ ತಲೆ ಹಿಡಿಯುವುದು ಸುಲಭ ಇರಲಿಲ್ಲ, ಜಾರುತ್ತಿತ್ತು. ಆದರೆ ಮಗು ಚೀಪಲು ಶುರು ಮಾಡಿದ ಕೂಡಲೇ ತಾಯಿಯ ಉಸಿರು ನಿಧಾನವಾಗುತ್ತಿತ್ತು.

ಬಸುರಿಯರಿಗೂ ಲಸಿಕೆ ಕೊಡಬಹುದು ಎಂದು ಸರ್ಕಾರ ಹೇಳಿದ್ದು 2021ರ ಜುಲೈ 2ರಂದು. ನಮ್ಮ ವಾರ್ಡ್ ಅಷ್ಟರಲ್ಲಿ ಬೇಕಾದಷ್ಟು ನೋಡಿಯಾಗಿತ್ತು. ತಪಾಸಣೆಗೆ ಬಂದವರಲ್ಲಿ ಅರ್ಧ ಜನ "ಅತ್ತೆನ ಕೇಳಿ ಹೇಳ್ತೀನಿ" ಎಂದು ಎದ್ದು ಹೋಗುತ್ತಿದ್ದರು. ನಾನು ಅತ್ತೆಯಂದಿರನ್ನೇ ಕರೆದು ಕೂರಿಸಿಕೊಂಡೆ. ಲಸಿಕೆಯಿಂದ ಬರುವ ಒಂದು ದಿನದ ಜ್ವರಕ್ಕೆ ಪ್ಯಾರಾಸಿಟಮಾಲ್ ಇದೆ ಎಂದೆ. ವಾರ್ಡಿನಲ್ಲಿ ಕಂಡಿದ್ದನ್ನು ಕಂಡ ಹಾಗೇ ಹೇಳಿದೆ.

ಆಗಸ್ಟ್ ಕೊನೆಯಲ್ಲಿ ಆ ಉಗುರುಬಣ್ಣದ ಹುಡುಗಿ ಮಗು ಎತ್ತಿಕೊಂಡು ಲಸಿಕೆಗೆ ಬಂದಳು. ವಾಸಿಯಾಗಿ ಮೂರು ತಿಂಗಳು ಕಾಯಬೇಕು ಎಂದಿದ್ದೆವು, ದಿನ ಲೆಕ್ಕ ಹಾಕಿಕೊಂಡೇ ಬಂದಿದ್ದಳು. ಪಕ್ಕದಲ್ಲಿ ಕೂತಿದ್ದ ತುಂಬು ಬಸುರಿಯೊಬ್ಬಳು ಎದ್ದು ಹೋಗೋಣವೇ, ಇರೋಣವೇ ಎಂದು ಬಾಗಿಲು ನೋಡುತ್ತಿದ್ದಳು. ಇವಳು ಮಗುವನ್ನು ಅವಳ ಮಡಿಲಿಗೆ ಕೊಟ್ಟು, "ಇದನ್ನ ಸ್ವಲ್ಪ ಹಿಡ್ಕೊಳಕ್ಕ, ಇಂಜೆಕ್ಷನ್ ಹಾಕಿಸ್ಕೊಂಡ್ ಬರ್ತೀನಿ. ಆಮೇಲೆ ನೀನು ಹೋಗು, ನಿನ್ನ ಬ್ಯಾಗ್ ನಾನು ನೋಡ್ಕೋತೀನಿ" ಎಂದಳು.