ಮಗುವಿನ ಸ್ನಾಯು ಕ್ಯಾನ್ಸರಿನ ಬಯಾಪ್ಸಿ ವರದಿಯನ್ನು ಓದುವ ಕ್ರಮ

ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಮಗುವಿನ ಮೈಯಲ್ಲಿ ಗಡ್ಡೆ ಕಾಣಿಸಿಕೊಂಡರೆ ಬಯಾಪ್ಸಿ ಹೆಚ್ಚಾಗಿ ಮಂಗಳೂರಿನಲ್ಲಾಗುತ್ತದೆ. ಮುಂದಿನ ಚಿಕಿತ್ಸೆ ಅಲ್ಲಿಯೇ ನಡೆಯಬಹುದು, ಇಲ್ಲವೇ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್‌ಗೋ ತಿರುವನಂತಪುರದ ರೀಜನಲ್ ಕ್ಯಾನ್ಸರ್ ಸೆಂಟರ್‌ಗೋ ಹೋಗಬೇಕಾಗಬಹುದು. ಎಲ್ಲಿ ಹೋದರೂ ಕೈಗೆ ಬರುವ ವರದಿ ಇಂಗ್ಲಿಷಿನದು. ಅದರಲ್ಲಿ ರ‍್ಯಾಬ್ಡೊಮಯೊಸಾರ್ಕೋಮಾ ಎಂದು, ಅಂದರೆ ಸ್ನಾಯುವಿನ ಕ್ಯಾನ್ಸರ್ ಎಂದು, ಬರೆದಿದ್ದರೆ, ಯಾವ ಸಾಲನ್ನು ಮೊದಲು ನೋಡಬೇಕು, ಯಾವುದಕ್ಕೆ ಎಷ್ಟು ತೂಕ ಕೊಡಬೇಕು ಎಂಬುದನ್ನು ಇಲ್ಲಿ ವಿವರಿಸಿದೆ. ಚಿಕಿತ್ಸೆಯನ್ನು ನಿರ್ಧರಿಸುವವರು ವೈದ್ಯರೇ; ಅವರೆದುರು ಕುಳಿತಾಗ ಕೇಳಬೇಕಾದ ಪ್ರಶ್ನೆ ತಿಳಿದಿರಲಿ ಎಂಬುದಷ್ಟೇ ಇದರ ಉದ್ದೇಶ.

ವರದಿಗೆ ಹೋಗುವ ಮೊದಲು ಒಂದು ಸಂಗತಿಯನ್ನು ತಿಳಿದುಕೊಳ್ಳಬೇಕು. ನಮ್ಮ ಬಹುತೇಕ ಎಲ್ಲ ಜೀವಕೋಶಗಳಲ್ಲೂ ಇರುವುದು ಅವೇ ಜೀನ್‌ಗಳು. ಯಾವ ಕೋಶದಲ್ಲಿ ಯಾವ ಜೀನ್ ಯಾವಾಗ ಕೆಲಸ ಮಾಡಬೇಕು ಎಂಬುದನ್ನು ಡಿಎನ್‌ಎಗೆ ಅಂಟಿಕೊಳ್ಳುವ ಕೆಲವು ನಿಯಂತ್ರಕ ಪ್ರೋಟೀನುಗಳು ತೀರ್ಮಾನಿಸುತ್ತವೆ. ಭ್ರೂಣದಲ್ಲಿ ಸ್ನಾಯುವಿನ ಮೂಲಕೋಶಗಳನ್ನು ಪ್ಯಾಕ್ಸ್3 ಎಂಬ ನಿಯಂತ್ರಕ ಸಿದ್ಧಪಡಿಸುತ್ತದೆ, ಆಮೇಲೆ ಮಯೊಡಿ, ಅದರ ಬೆನ್ನಿಗೆ ಮಯೊಜೆನಿನ್ ಕೆಲಸ ವಹಿಸಿಕೊಳ್ಳುತ್ತವೆ. ಮಯೊಡಿಯ ಶಕ್ತಿ ಎಷ್ಟೆಂದರೆ, ಸ್ನಾಯುವಿಗೆ ಸಂಬಂಧವೇ ಇಲ್ಲದ ಕೋಶಗಳಿಗೆ ಈ ಒಂದು ಜೀನನ್ನು ಸೇರಿಸಿದರೆ ಅವು ಸ್ನಾಯುಕೋಶಗಳಾಗುತ್ತವೆ ಎಂಬುದನ್ನು 1987ರಲ್ಲೇ ಪ್ರಯೋಗಾಲಯದಲ್ಲಿ ತೋರಿಸಲಾಗಿತ್ತು. ಸಹಜವಾಗಿ ಈ ಹಂತ ದಾಟಿದ ಕೋಶ ವಿಭಜನೆಯನ್ನು ನಿಲ್ಲಿಸಿ, ಅಕ್ಕಪಕ್ಕದ ಕೋಶಗಳೊಂದಿಗೆ ಬೆಸೆದುಕೊಂಡು ಸ್ನಾಯುವಿನ ಎಳೆಯಾಗುತ್ತದೆ. ಈ ಕ್ಯಾನ್ಸರಿನಲ್ಲಿ ಆ ದಾರಿ ಅರ್ಧದಲ್ಲೇ ಕಟ್ಟಿಹೋಗಿರುತ್ತದೆ.

ಈಗ ವರದಿಯಲ್ಲಿ ಇಮ್ಯೂನೊಹಿಸ್ಟೊಕೆಮಿಸ್ಟ್ರಿ, ಅಥವಾ ಚಿಕ್ಕದಾಗಿ ಐಎಚ್‌ಸಿ, ಎಂಬ, ಕೋಶದಲ್ಲಿರುವ ಪ್ರೋಟೀನುಗಳನ್ನು ಬಣ್ಣದಿಂದ ಗುರುತಿಸುವ ಪರೀಕ್ಷೆಯ ಭಾಗವನ್ನು ಹುಡುಕಿರಿ. ಅಲ್ಲಿ ಡೆಸ್ಮಿನ್ (ಸ್ನಾಯುವಿನ ಒಂದು ಪ್ರೋಟೀನು), ಮಯೊಡಿ1 (ಮೇಲೆ ಹೇಳಿದ ಮಯೊಡಿಯೇ), ಮಯೊಜೆನಿನ್ ಎಂಬ ಹೆಸರುಗಳ ಮುಂದೆ ಪಾಸಿಟಿವ್ ಎಂದಿರುತ್ತದೆ. ಇದನ್ನು ಕಂಡು ಗಾಬರಿಪಡುವುದೂ ಬೇಡ, ಸ್ನಾಯು ಬೆಳೆಯುತ್ತಿದೆ ಎಂದು ಸಮಾಧಾನಪಡುವುದೂ ಬೇಡ. ಯಕ್ಷಗಾನದ ಚೌಕಿಯಲ್ಲಿ ಬಣ್ಣ ಹಚ್ಚಿ, ಕಿರೀಟ ಕಟ್ಟಿ, ರಂಗಸ್ಥಳಕ್ಕೆ ಮಾತ್ರ ಬಾರದೆ ಉಳಿದ ವೇಷದ ಹಾಗೆ ಈ ಕೋಶಗಳು ಸ್ನಾಯುವಿನ ಗುರುತುಗಳನ್ನೆಲ್ಲ ತೊಟ್ಟಿರುತ್ತವೆ, ಸ್ನಾಯುವಾಗುವುದಿಲ್ಲ. ಗಡ್ಡೆ ಈ ಜಾತಿಯದೇ ಎಂದು ಖಚಿತಪಡಿಸುವುದು ಈ ಗುರುತುಗಳೇ. ಮಯೊಜೆನಿನ್ ಮುಂದೆ ಡಿಫ್ಯೂಸ್ (ಎಲ್ಲೆಡೆ) ಎಂದಿದೆಯೋ ಫೋಕಲ್ (ಅಲ್ಲಲ್ಲಿ) ಎಂದಿದೆಯೋ ಎಂಬುದನ್ನು ಗಮನಿಸಿಟ್ಟುಕೊಳ್ಳಿ: ಬಹುತೇಕ ಎಲ್ಲ ಕೋಶಗಳಲ್ಲೂ ಗಾಢವಾಗಿ ಕಂಡರೆ ಮುಂದೆ ಹೇಳುವ ಜೀನ್ ಬೆಸುಗೆಯ ಸಂದೇಹ ಬಲವಾಗುತ್ತದೆ.

ವರದಿಯಲ್ಲಿ ಬರುವ ಎಂಬ್ರಿಯೊನಲ್, ಆಲ್ವಿಯೋಲಾರ್ ಎಂಬ ಎರಡು ಬಗೆಗಳ ಹೆಸರುಗಳು ಸೂಕ್ಷ್ಮದರ್ಶಕದಲ್ಲಿ ಕಂಡ ರೂಪಕ್ಕೆ ಸಂಬಂಧಿಸಿದವು. ಮನೆಯವರು ಹೆಚ್ಚಾಗಿ ಇಲ್ಲಿಗೇ ಓದು ನಿಲ್ಲಿಸಿ ಫೋನಿನಲ್ಲಿ ಹುಡುಕಾಟ ಶುರುಮಾಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದಕ್ಕಿಂತ ಮುಖ್ಯವಾದ ಸಾಲು ಮುಂದಿದೆ.

ಅದು ಫಾಕ್ಸ್‌ಒ1 ಜೀನು ತುಂಡಾಗಿದೆಯೇ ಎಂದು ನೋಡುವ ಫಿಶ್ ಪರೀಕ್ಷೆಯ ಸಾಲು. 2ನೇ ವರ್ಣತಂತುವಿನಲ್ಲಿರುವ ಪ್ಯಾಕ್ಸ್3 ಜೀನು ತುಂಡಾಗಿ 13ನೇ ವರ್ಣತಂತುವಿನ ಫಾಕ್ಸ್‌ಒ1 ಜೀನಿನ ತುಂಡಿಗೆ ಅಂಟಿಕೊಳ್ಳುವುದನ್ನು, ಅಂದರೆ ಜೀನ್ ಬೆಸುಗೆಯನ್ನು, 1993ರಲ್ಲಿ ವಿವರಿಸಲಾಯಿತು. ಕೆಲವರಲ್ಲಿ ಪ್ಯಾಕ್ಸ್3ರ ಬದಲಿಗೆ 1ನೇ ವರ್ಣತಂತುವಿನ ಪ್ಯಾಕ್ಸ್7 ಇರುತ್ತದೆ. ಹೀಗೆ ಹುಟ್ಟಿದ ಪ್ರೋಟೀನಿನಲ್ಲಿ ಡಿಎನ್‌ಎಯ ಜಾಗ ಗುರುತಿಸುವ ಭಾಗ ಪ್ಯಾಕ್ಸಿನದು, ಜೀನ್‌ಗಳನ್ನು ಜೋರಾಗಿ ಎಬ್ಬಿಸುವ ಭಾಗ ಫಾಕ್ಸ್‌ಒ1ರದು. ಸಹಜ ಫಾಕ್ಸ್‌ಒ1 ಪ್ರೋಟೀನನ್ನು ಜೀವಕೋಶವು ಬೇಡವಾದಾಗ ಕೋಶಕೇಂದ್ರದಿಂದ ಹೊರಗಟ್ಟಬಲ್ಲುದು. ಬೆಸುಗೆಯ ಪ್ರೋಟೀನು ಆ ಹಿಡಿತಕ್ಕೆ ಸಿಗದೆ ಒಳಗೇ ಉಳಿಯುತ್ತದೆ. ಅದು ಜೀನ್‌ಗಳಿಂದ ದೂರದಲ್ಲಿರುವ ಎನ್‌ಹ್ಯಾನ್ಸರ್ ಎಂಬ ಡಿಎನ್‌ಎ ಭಾಗಗಳ ಮೇಲೆ ಕುಳಿತು, ಬಿಆರ್‌ಡಿ4ರಂಥ ಪ್ರೋಟೀನುಗಳನ್ನು ಕರೆತಂದು, ಅವುಗಳನ್ನು ಸೂಪರ್ ಎನ್‌ಹ್ಯಾನ್ಸರ್‌ಗಳಾಗಿ ಮಾಡುತ್ತದೆ. ಮಯೊಡಿ1, ಮಯೊಜೆನಿನ್, ಎಂವೈಸಿಎನ್ ಎಂಬ ನಿಯಂತ್ರಕಗಳು ಹೀಗೆ ಅತಿಯಾಗಿ ತಯಾರಾಗಿ, ಒಂದನ್ನೊಂದು ಎತ್ತಿಹಿಡಿಯುತ್ತವೆ. ಎಫ್‌ಜಿಎಫ್‌ಆರ್4ರಂಥ ಬೆಳವಣಿಗೆಯ ಜೀನ್‌ಗಳೂ ಏರುತ್ತವೆ. ಬೆಸುಗೆಯಿರುವ ಗಡ್ಡೆಗಳಲ್ಲಿ ಬೇರೆ ಜೀನ್ ದೋಷಗಳು ತೀರ ಕಡಿಮೆಯಿರುತ್ತವೆ ಎಂಬುದೇ ಈ ಒಂದು ತಪ್ಪಿನ ಬಲವನ್ನು ಹೇಳುತ್ತದೆ.

ಫಿಶ್ ಪರೀಕ್ಷೆಯಲ್ಲಿ ಫಾಕ್ಸ್‌ಒ1ರ ಎರಡು ಬದಿಗೆ ಕೆಂಪು ಮತ್ತು ಹಸಿರು ಗುರುತು ಹಾಕುತ್ತಾರೆ. ಎರಡೂ ಜೊತೆಗಿದ್ದರೆ ಜೀನು ಇಡಿಯಾಗಿದೆ, ದೂರ ಸರಿದಿದ್ದರೆ ತುಂಡಾಗಿದೆ. ಜೊತೆಗಾರ ಜೀನು ಯಾವುದೆಂದು ಇದು ಹೇಳುವುದಿಲ್ಲ. ಅದಕ್ಕೆ ಆರ್‌ಟಿ-ಪಿಸಿಆರ್ ಅಥವಾ ಸೀಕ್ವೆನ್ಸಿಂಗ್ ಎಂಬ ಬೇರೆ ಪರೀಕ್ಷೆ ಬೇಕು. ಬೆಸುಗೆಯಿದ್ದರೆ ರೋಗವನ್ನು ಹೆಚ್ಚಿನ ಅಪಾಯದ್ದೆಂದು ಪರಿಗಣಿಸುತ್ತಾರೆ. ಆಲ್ವಿಯೋಲಾರ್ ಎಂದು ಕಂಡರೂ ಬೆಸುಗೆಯಿಲ್ಲದ ಗಡ್ಡೆಗಳು, ಸರಿಸುಮಾರು ಐದರಲ್ಲೊಂದು, ಎಂಬ್ರಿಯೊನಲ್ ಗಡ್ಡೆಗಳಂತೆಯೇ ವರ್ತಿಸುತ್ತವೆ. ವರದಿಯಲ್ಲಿ ಈ ಸಾಲೇ ಇಲ್ಲದಿದ್ದರೆ, “ಫಾಕ್ಸ್‌ಒ1 ಪರೀಕ್ಷೆ ಆಗಿದೆಯೇ ಡಾಕ್ಟ್ರೇ?” ಎಂದು ಕೇಳಲು ಸಂಕೋಚ ಬೇಡ.

ಫಲಿತಾಂಶ ನೆಗೆಟಿವ್ ಆಗಿದ್ದರೆ ಬೇರೆ ಸಾಲುಗಳಿಗೆ ಬೆಲೆ ಬರುತ್ತದೆ. ಎಂಬ್ರಿಯೊನಲ್ ಗಡ್ಡೆಗಳಲ್ಲಿ 11ನೇ ವರ್ಣತಂತುವಿನ ಒಂದು ಭಾಗದ ತಾಯಿಯ ಪ್ರತಿ ಅನೇಕ ಸಲ ಕಳೆದುಹೋಗಿರುತ್ತದೆ. ಅಲ್ಲಿರುವ ಐಜಿಎಫ್2 ಜೀನು ಸಹಜವಾಗಿ ತಂದೆಯ ಪ್ರತಿಯಿಂದ ಮಾತ್ರ ಕೆಲಸ ಮಾಡುತ್ತದೆ. ತಾಯಿಯದರ ಜಾಗಕ್ಕೂ ತಂದೆಯದೇ ಬಂದು ಕೂತರೆ ಬೆಳವಣಿಗೆಯ ಸಂದೇಶ ಮಿತಿಮೀರುತ್ತದೆ. ರ‍್ಯಾಸ್ ಎಂಬ ಬೆಳವಣಿಗೆಯ ಜೀನ್ ಗುಂಪಿನ ದೋಷಗಳೂ ಇಂಥ ಗಡ್ಡೆಗಳವೇ. ಮಯೊಡಿ1 ಜೀನಿನಲ್ಲೇ ದೋಷ ಎಂದಿದ್ದರೆ ಅದನ್ನು ವೈದ್ಯರ ಗಮನಕ್ಕೆ ತರಲೇಬೇಕು, ಏಕೆಂದರೆ ಆ ಬಗೆ ಕಠಿಣವಾದದ್ದು. ಟಿಪಿ53 ಅಥವಾ ಡೈಸರ್1 ಜೀನಿನಲ್ಲಿ ದೋಷ ಕಾಣಿಸಿದರೆ ಅದು ಮನೆತನದಲ್ಲಿ ಹರಿದು ಬಂದದ್ದೋ ಅಲ್ಲವೋ ಎಂದು ತಿಳಿಯಲು ರಕ್ತಪರೀಕ್ಷೆಯ ಸಲಹೆ ಕೇಳಿರಿ. ಬೆಸುಗೆ ಮಾತ್ರ ಅಪ್ಪ ಅಮ್ಮನಿಂದ ಬರುವುದಲ್ಲ, ಮಗುವಿನ ಯಾವುದೋ ಕೋಶದಲ್ಲಿ ಆದದ್ದು.

ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಇದು ಎಂಡೋಸಲ್ಫಾನ್ ಕೀಟನಾಶಕದಿಂದ ಬಂತೇ ಎಂಬ ಪ್ರಶ್ನೆ ಏಳದೆ ಇರದು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಅದನ್ನು ಸಿಂಪಡಿಸಿದ ಊರುಗಳಲ್ಲಿ ಆ ಸಂಶಯ ಸಹಜವೇ. ಆದರೆ ಈ ವರದಿ ಜೀನು ತುಂಡಾಗಿದೆ ಎಂಬುದನ್ನು ಹೇಳುತ್ತದೆ, ಯಾಕೆ ತುಂಡಾಯಿತೆಂಬುದನ್ನು ಹೇಳುವುದಿಲ್ಲ. ಅದಕ್ಕಾಗಿ ಇಲ್ಲಿ ಹುಡುಕಿ ಫಲವಿಲ್ಲ.

ವಿನ್‌ಕ್ರಿಸ್ಟಿನ್, ಆಕ್ಟಿನೊಮೈಸಿನ್, ಸೈಕ್ಲೊಫಾಸ್ಫಮೈಡ್ ಎಂಬ ಔಷಧಿಗಳು, ಶಸ್ತ್ರಕ್ರಿಯೆ ಮತ್ತು ರೇಡಿಯೇಷನ್ ಇಂದಿನ ಚಿಕಿತ್ಸೆಯ ಆಧಾರ. ಬೆಸುಗೆಯ ಪ್ರೋಟೀನನ್ನೇ ಹಿಡಿದು ನಿಲ್ಲಿಸುವ ಔಷಧಿ ದಿನನಿತ್ಯದ ಚಿಕಿತ್ಸೆಗೆ ಬಂದಿಲ್ಲ. ಇದೆ ಎಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ. ಮಂಗಳೂರಿನಿಂದ ಬೇರೆ ಆಸ್ಪತ್ರೆಗೆ ಹೊರಡುವಾಗ ಕಾಗದವನ್ನಷ್ಟೇ ಹಿಡಿದುಕೊಂಡು ಹೋಗಬೇಡಿ. ಲ್ಯಾಬಿನಲ್ಲಿ ಅರ್ಜಿ ಕೊಟ್ಟು ಸ್ಲೈಡುಗಳನ್ನೂ ಮೇಣದ ಪ್ಯಾರಾಫಿನ್ ಬ್ಲಾಕನ್ನೂ ಪಡೆದು, ಬ್ಲಾಕಿನ ಸಂಖ್ಯೆಯೂ ವರದಿಯಲ್ಲಿರುವ ಸಂಖ್ಯೆಯೂ ಒಂದೇ ಎಂದು ಅಲ್ಲಿಯೇ ತಾಳೆ ನೋಡಿ, ಬಿಸಿಲು ತಾಗದಂತೆ ಒಯ್ಯಿರಿ. ಫಿಶ್ ಪರೀಕ್ಷೆ ಬಾಕಿಯಿದ್ದರೆ ಮಗುವಿಗೆ ಇನ್ನೊಮ್ಮೆ ಬಯಾಪ್ಸಿ ಮಾಡದೆ ಅದರಲ್ಲೇ ಮಾಡಬಹುದು.