ಜರ್ಮನಿ ಸಂಬಳ: ಚಿಕ್ಕಪ್ಪನ ಲೆಕ್ಕ ಬೇರೆ, ನಿಮ್ಮ ಲೆಕ್ಕ ಬೇರೆ

ನೀವು ಮ್ಯೂನಿಕ್‌ಗೆ ಬಂದಿಳಿದು ವಾರವೂ ಆಗಿರುವುದಿಲ್ಲ, ಊರಿಂದ ಫೋನ್ ಬರುತ್ತದೆ. "ತಿಂಗಳಿಗೆ ನಾಲ್ಕು ಸಾವಿರ ಯೂರೋ ಅಂದ್ರೆ ನಾಲ್ಕು ಲಕ್ಷ ಅಲ್ವೇನೋ!" ಹೀಗೆ ಗುಣಿಸಿ ಹೇಳುವ ಒಬ್ಬ ಚಿಕ್ಕಪ್ಪ ಎಲ್ಲರ ಮನೆಯಲ್ಲೂ ಇರುತ್ತಾರೆ.

ಆ ನಾಲ್ಕು ಸಾವಿರ 'ಬ್ರುಟ್ಟೋ', ಅಂದರೆ ಕಡಿತಕ್ಕೆ ಮುಂಚಿನದು. ಮದುವೆಯಾಗದವರು ಒಂದನೇ ತೆರಿಗೆ ವರ್ಗಕ್ಕೆ ಬರುತ್ತೀರಿ. ಆದಾಯ ತೆರಿಗೆ, ಪಿಂಚಣಿಗೆ 9.3%, ಆರೋಗ್ಯ ವಿಮೆ, ನಿರುದ್ಯೋಗ ವಿಮೆ, ಆರೈಕೆ ವಿಮೆ ಎಲ್ಲ ಹೋಗಿ ಕೈಗೆ ಸಿಗುವ 'ನೆಟ್ಟೋ' 2,600ರ ಆಸುಪಾಸು. ವಿಳಾಸ ನೋಂದಣಿಗೆ ಹೋದಾಗ ಧರ್ಮ ಯಾವುದು ಅಂತ ಕೇಳುತ್ತಾರೆ. ಗಾಬರಿ ಬೇಡ, ಅದು ಚರ್ಚ್ ತೆರಿಗೆಗಾಗಿ. ಮಂಗಳೂರು ಕಡೆಯ ಕ್ಯಾಥೊಲಿಕರಿಗೆ ಮಾತ್ರ ಇದು ಮೊದಲೇ ಗೊತ್ತಿರಲಿ: ಬವೇರಿಯಾದಲ್ಲಿ ಆದಾಯ ತೆರಿಗೆ ಎಷ್ಟೋ ಅದರ 8% ಜಾಸ್ತಿ ಹೋಗುತ್ತದೆ.

ಇನ್ನು ಮನೆ. ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವುದು 'ಕಾಲ್ಟ್‌ಮೀಟೆ', ಬರೀ ಗೋಡೆಗಳ ಬಾಡಿಗೆ. ಹೀಟರ್, ನೀರು, ಕಸ ಸೇರಿದರೆ 'ವಾರ್ಮ್‌ಮೀಟೆ'. ನೀವು ನೋಡಬೇಕಾದದ್ದು ಇದನ್ನು. ಮೂರು ತಿಂಗಳ ಕಾಲ್ಟ್‌ಮೀಟೆಯವರೆಗೆ ಮುಂಗಡ ಕೇಳಬಹುದು, ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಂಡವರಿಗೆ ಇದು ಹಗುರ ಅನ್ನಿಸಬಹುದು. ಆದರೆ ಎಷ್ಟೋ ಮನೆಗಳಲ್ಲಿ ಅಡುಗೆಮನೆ ಅಂದರೆ ಖಾಲಿ ಕೋಣೆ! ಸಿಂಕು, ಒಲೆ, ಕಪಾಟು ಎಲ್ಲ ನೀವೇ ತರಬೇಕು. ಹಿಂದಿನ ಬಾಡಿಗೆದಾರ ತನ್ನದನ್ನು ಮಾರುತ್ತಾನಾ ಅಂತ ಮೊದಲು ಕೇಳಿ.

ನಾನು ಎಡವಿದ್ದು ಹೀಟರ್ ವಿಷಯದಲ್ಲಿ. ತಿಂಗಳು ತಿಂಗಳು ಕಟ್ಟುವುದು ಬರೀ ಅಂದಾಜು. ನಿಜವಾದ ಲೆಕ್ಕ ಕೊಡಲು ಮನೆ ಮಾಲೀಕರಿಗೆ ಆ ವರ್ಷ ಮುಗಿದ ಮೇಲೂ ಹನ್ನೆರಡು ತಿಂಗಳು ಸಮಯವಿದೆ. 2022ರಲ್ಲಿ ಗ್ಯಾಸ್ ಬೆಲೆ ಗಗನಕ್ಕೇರಿದಾಗ ನಾನು ಒಳಗೆ ಬನಿಯನ್ ಹಾಕಿಕೊಂಡು ಆರಾಮಾಗಿದ್ದೆ. ಬಾಕಿ ಬಿಲ್ ಬಂದದ್ದು 2023ರ ಕೊನೆಗೆ. ಆ ಸಲದ ಊರಿನ ಟಿಕೆಟ್ ದುಡ್ಡು ಅಲ್ಲೇ ಹೋಯಿತು. ಪಕ್ಕದ ಮನೆ ಅಜ್ಜಿ ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು ಕೂರುತ್ತಿದ್ದದ್ದು ಯಾಕೆ ಅಂತ ಆಗ ತಿಳಿಯಿತು.

ಇಲ್ಲಿಯವರನ್ನು ಜಿಪುಣರು ಅಂತ ನಾವು ಸುಲಭವಾಗಿ ಅಂದುಬಿಡುತ್ತೇವೆ. 2013ರಲ್ಲಿ ಯೂರೋಪಿನ ಕೇಂದ್ರ ಬ್ಯಾಂಕ್ ಯೂರೋ ಬಳಸುವ ದೇಶಗಳ ಕುಟುಂಬಗಳ ಆಸ್ತಿ ಲೆಕ್ಕ ಪ್ರಕಟಿಸಿತು. ಕುಟುಂಬಗಳನ್ನೆಲ್ಲ ಆಸ್ತಿಯ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಸರಿಯಾಗಿ ನಡುವೆ ಬರುವ ಜರ್ಮನ್ ಕುಟುಂಬದ್ದು 51,400 ಯೂರೋ. ಆ ದೇಶಗಳಲ್ಲೆಲ್ಲ ಕೊನೆಯ ಸ್ಥಾನ. ಜರ್ಮನಿಯಿಂದಲೂ ಸಾಲ ಪಡೆಯುತ್ತಿದ್ದ ಗ್ರೀಸ್‌ನಲ್ಲಿ ಅದು ಹತ್ತಿರ ಹತ್ತಿರ ಎರಡರಷ್ಟಿತ್ತು! ಕಾರಣ ಮುಖ್ಯವಾಗಿ ಮನೆ. ಗ್ರೀಕರಲ್ಲಿ ಹೆಚ್ಚಿನವರಿಗೆ ಸ್ವಂತ ಮನೆ ಇದೆ, ಇಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬಾಡಿಗೆಗಿದ್ದಾರೆ. ಮುಂದೆ ಬರುವ ಸರ್ಕಾರಿ ಪಿಂಚಣಿ ಆ ಲೆಕ್ಕದಲ್ಲಿ ಸೇರಿರಲಿಲ್ಲ, ಅದೂ ನಿಜ. ಆದರೂ ದೇಶದ ದುಡ್ಡು, ಮನೆಯ ದುಡ್ಡು ಒಂದೇ ಅಲ್ಲ ಅಲ್ವಾ?

ರಸ್ತೆಯಲ್ಲಿ ಸಾಲುಗಟ್ಟಿ ಹೋಗುವ ಬಿಎಂಡಬ್ಲ್ಯೂ, ಆಡಿಗಳನ್ನು ನೋಡಿ ಮೋಸ ಹೋಗಬೇಡಿ. ಅವುಗಳಲ್ಲಿ ಎಷ್ಟೋ ಕಂಪನಿ ಕೊಟ್ಟ ಕಾರುಗಳು. ರೈಲು ನಿಲ್ದಾಣದಲ್ಲಿ ಕಸದ ಡಬ್ಬಿಗೆ ಟಾರ್ಚ್ ಬಿಟ್ಟು ಖಾಲಿ ಬಾಟಲಿ ಹುಡುಕುವ ನಿವೃತ್ತರನ್ನೂ ನೋಡುತ್ತೀರಿ. ಪ್ಲಾಸ್ಟಿಕ್ ಬಾಟಲಿ ವಾಪಸ್ ಕೊಟ್ಟರೆ ಅಂಗಡಿಯಲ್ಲಿ 25 ಸೆಂಟ್ ಸಿಗುತ್ತದೆ. ನಿಮಗೆ ಬೇಡವಾದ ಬಾಟಲಿ ಡಬ್ಬಿಯೊಳಗೆ ಎಸೆಯಬೇಡಿ, ಪಕ್ಕದಲ್ಲಿಡಿ. ಇಲ್ಲಿ ಹಾಗೆ ಮಾಡುವ ರೂಢಿಯಿದೆ.

ಕೊನೆಗೆ ಚಿಕ್ಕಪ್ಪನ ವಿಷಯ. ಫೋನಿನಲ್ಲಿ ನೆಟ್ಟೋವನ್ನೇ ಹೇಳಿ, ಜೊತೆಗೆ ಬಾಡಿಗೆಯನ್ನೂ ಹೇಳಿ. ಅವರು ತುಮಕೂರು ರಸ್ತೆಯಲ್ಲೊಂದು ಸೈಟು ನೋಡಿಟ್ಟಿರುತ್ತಾರೆ. ಮೊದಲ ಹೀಟರ್ ಬಿಲ್ ಬರುವ ತನಕ ಕಂತಿಗೆ ಒಪ್ಪಿಕೊಳ್ಳಬೇಡಿ.