ಮರ ನೆಗ್ಗಿದೆಯಾ? ಪುಟ್ಟಿ ತುಂಬುವ ಮುಂಚೆ ನೀರು ಕುಡಿಸಿ

ತೇಗದ ಮೇಜಿನ ಮೇಲೆ ಕುಟ್ಟಾಣಿ ಬಿದ್ದು ಗುಳಿಯಾಯ್ತು ಅಂದ್ಕೊಳ್ಳಿ. ಜಾಸ್ತಿ ಜನ ಕೂಡಲೇ ಪುಟ್ಟಿ, ಅಂದರೆ ಗುಳಿಗೆ ಮೆತ್ತುವ ಲೇಪ, ಹುಡುಕುತ್ತಾರೆ. ದಯವಿಟ್ಟು ಸ್ವಲ್ಪ ತಡೆಯಿರಿ. ಅಲ್ಲಿ ಮರ ಎದ್ದುಹೋಗಿಲ್ಲ, ಅದರ ನಾರು ಒತ್ತಿಕೊಂಡು ಕೂತಿದೆ ಅಷ್ಟೇ. ನೀರು, ಬಿಸಿ ಎರಡೂ ಸಿಕ್ಕರೆ ಆ ನಾರು ಉಬ್ಬಿ ಮೇಲೆ ಬರುತ್ತದೆ. ಪುಟ್ಟಿ ತುಂಬಿದಿರೋ, ನೀರು ಇಳಿಯುವ ದಾರಿಯೇ ಮುಚ್ಚಿಹೋಯಿತು.

ಮೊದಲು ಗುಳಿಯೊಳಗೆ ಉಗುರು ಆಡಿಸಿ ನೋಡಿ. ನುಣ್ಣಗೆ ಜಾರಿದರೆ ಬರೀ ನೆಗ್ಗು. ಉಗುರು ಸಿಕ್ಕಿಕೊಂಡರೆ ನಾರು ಕಿತ್ತಿದೆ ಅಂತ ಅರ್ಥ, ಅದಕ್ಕೆ ಪುಟ್ಟಿಯೇ ಗತಿ. ಅದು ಅಪ್ಪಟ ಮರ ಹೌದೋ ಅಲ್ವೋ ಅನ್ನೋದನ್ನೂ ನೋಡಿಕೊಳ್ಳಿ. ಮರದ ನಾರು, ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಎಂಡಿಎಫ್, ಪಾರ್ಟಿಕಲ್ ಬೋರ್ಡ್‌ಗೆ ಈ ಉಪಾಯ ಬೇಡವೇ ಬೇಡ, ನೀರು ಕುಡಿದು ಊದಿಕೊಂಡರೆ ಮತ್ತೆ ಇಳಿಯುವುದಿಲ್ಲ. ಪ್ಲೈವುಡ್ ಮೇಲೆ ವೆನೀರ್ (ಮರದ ತೆಳು ಹಾಳೆ) ಅಂಟಿಸಿದ್ದರೆ ಬಿಸಿಗೆ ಗೋಂದು ಬಿಡಬಹುದು.

ನೆಗ್ಗಿದ ಜಾಗದ ಪಾಲಿಶ್ ಅನ್ನು 180 ನಂಬರ್ ಸ್ಯಾಂಡ್ ಪೇಪರ್‌ನಿಂದ ಉಜ್ಜಿ ತೆಗೆಯಿರಿ. ಪಾಲಿಶ್ ಇದ್ದರೆ ನೀರು ಒಳಗೆ ಹೋಗುವುದಿಲ್ಲ, ಜೊತೆಗೆ ಅರಗಿನ ಪಾಲಿಶ್ ಆದರೆ ಹಬೆ ತಾಗಿ ಬೆಳ್ಳಗಾಗುತ್ತದೆ. ಆಮೇಲೆ ಗುಳಿ ತುಂಬ ನೀರು ಬಿಟ್ಟು ಐದು ಹತ್ತು ನಿಮಿಷ ಬಿಡಿ. ಹಳೇ ಪಂಚೆಯ ಬಿಳಿ ತುಂಡನ್ನು ಒದ್ದೆ ಮಾಡಿ, ಹಿಂಡಿ, ಎರಡು ಮಡಿಕೆ ಮಾಡಿ ಗುಳಿಯ ಮೇಲೆ ಹಾಸಿ. ಬಣ್ಣದ ಬಟ್ಟೆ ಬೇಡ, ಬಣ್ಣ ಮರಕ್ಕೆ ಹತ್ತುತ್ತದೆ. ಕಾದ ಇಸ್ತ್ರಿ ಪೆಟ್ಟಿಗೆಯ ತುದಿಯನ್ನು ಅದರ ಮೇಲೆ ಮೆಲ್ಲಗೆ ಆಡಿಸುತ್ತಾ ಇರಿ, ಒಂದೇ ಕಡೆ ಒತ್ತಿ ಹಿಡಿಯಬೇಡಿ. ಚುಂಯ್ ಅಂತ ಹಬೆ ಏಳುತ್ತದೆ. ಆ ಸದ್ದು ನಿಂತು ಬಟ್ಟೆ ಒಣಗಿತು ಅನ್ನಿಸಿದ ಕೂಡಲೇ ಎತ್ತಿಬಿಡಿ, ಇಲ್ಲದಿದ್ದರೆ ಮರ ಸುಟ್ಟು ಕಪ್ಪಾಗುತ್ತದೆ.

ಈಗ ಬೆರಳಿನಿಂದ ಸವರಿದರೆ ಗುಳಿಯ ಅಂಚು ಮೆತ್ತಗಾಗಿ, ತಳ ಮೇಲೆ ಬಂದಿರುವುದು ಕೈಗೇ ತಿಳಿಯುತ್ತದೆ. ಟಾರ್ಚ್ ಅನ್ನು ಮೇಜಿನ ಮಟ್ಟದಲ್ಲಿ ಅಡ್ಡ ಹಿಡಿದು ನೋಡಿ, ನೆರಳು ಬಿದ್ದರೆ ಇನ್ನೂ ತಗ್ಗಿದೆ. ಬಟ್ಟೆ ಒದ್ದೆ ಮಾಡಿ ಮತ್ತೆ ಅದನ್ನೇ ಮಾಡಿ. ತೇಗ, ಬೀಟೆಯಂಥ ಗಟ್ಟಿ ಮರಗಳಿಗೆ ಮೂರು ನಾಲ್ಕು ಸಲ ಬೇಕಾಗಬಹುದು, ಪೈನ್ ಬೇಗ ಏಳುತ್ತದೆ.

ಅವಸರ ಪಟ್ಟು ಅವತ್ತೇ ಉಜ್ಜಬೇಡಿ. ಒದ್ದೆ ನಾರು ಉಬ್ಬಿರುವಾಗ ಉಜ್ಜಿ ಸಮ ಮಾಡಿದರೆ, ಒಣಗಿದ ಮೇಲೆ ಅಲ್ಲೇ ಮತ್ತೆ ತಗ್ಗಾಗುತ್ತದೆ. ಒಂದು ದಿನ ಪೂರ್ತಿ ಒಣಗಲಿ, ಮಳೆಗಾಲವಾದರೆ ಎರಡು ದಿನ. ಆಮೇಲೆ 220, ಕೊನೆಗೆ 320 ನಂಬರ್ ಪೇಪರ್‌ನಲ್ಲಿ ನಾರಿನ ಉದ್ದಕ್ಕೇ ಉಜ್ಜಿ. ಧೂಳು ಒರೆಸಿ, ಮೊದಲಿದ್ದ ಪಾಲಿಶ್ ಅನ್ನೇ ತೆಳ್ಳಗೆ ಎರಡು ಮೂರು ಕೈ ಹಚ್ಚಿ.